ಕ್ಯಾಮೆರಾ ಹೇಳದೆ ಬಿಡುವ ಅಂಕಿ: ಷಟರ್ ವಿಳಂಬ

ಅರಸೀಕೆರೆ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ, ಹಳದಿ ಗೆರೆಯಿಂದ ಸಾಕಷ್ಟು ಹಿಂದೆ ಸರಿದು ನೀವು ನಿಂತಿದ್ದೀರಿ ಎಂದುಕೊಳ್ಳಿ. ಕೈಯಲ್ಲಿ 2005ರ ಸುಮಾರಿಗೆ ಕೊಂಡ ಪುಟ್ಟ ಡಿಜಿಟಲ್ ಕ್ಯಾಮೆರಾ ಇದೆ. ನಿಲ್ಲದೆ ಹೋಗುವ ಗೂಡ್ಸ್ ಗಾಡಿಯೊಂದು ಗಂಟೆಗೆ 72 ಕಿ.ಮೀ. ವೇಗದಲ್ಲಿ ಬರುತ್ತಿದೆ. ಎಂಜಿನ್ನಿನ ಮೂತಿ ಎದುರಿನ ಕಂಬದ ಬಳಿಗೆ ಬಂದ ಕೂಡಲೇ ಗುಂಡಿ ಒತ್ತುತ್ತೀರಿ. ಚಿತ್ರ ನೋಡಿದರೆ ಮೂತಿ ಎಲ್ಲಿ? ಅದು ಆಗಲೇ ಚೌಕಟ್ಟಿನ ಆಚೆ ಹೋಗಿದೆ. ನಿಮಗೆ ಸಿಕ್ಕಿರುವುದು ಎಂಜಿನ್ನಿನ ಹಿಂಬದಿ ಮತ್ತು ಮೊದಲ ವ್ಯಾಗನ್ನು.

ಇದು ಕೈಯ ನಿಧಾನವೆಂದು ಬಹಳ ಜನ ತಮ್ಮನ್ನೇ ಹಳಿದುಕೊಂಡಿದ್ದಾರೆ. ಸ್ವಲ್ಪ ಲೆಕ್ಕ ಹಾಕೋಣ. ಗಂಟೆಗೆ 72 ಕಿ.ಮೀ. ಎಂದರೆ ಸೆಕೆಂಡಿಗೆ 20 ಮೀಟರ್. ಗುಂಡಿ ಪೂರ್ತಿ ಒತ್ತಿದ ಮೇಲೆ ಚಿತ್ರ ದಾಖಲಾಗಲು ಕ್ಯಾಮೆರಾ 0.6 ಸೆಕೆಂಡು ತೆಗೆದುಕೊಂಡರೆ ಅಷ್ಟರಲ್ಲಿ ಗಾಡಿ 12 ಮೀಟರ್ ಮುಂದೆ ಹೋಗಿರುತ್ತದೆ. ಕೈ ಚುರುಕಾಗಿಯೇ ಇತ್ತು. ತಡ ಮಾಡಿದ್ದು ಕ್ಯಾಮೆರಾ. ಈ ತಡಕ್ಕೆ ಷಟರ್ ವಿಳಂಬ ಎಂದು ಹೆಸರು.

ಆ ಕ್ಯಾಮೆರಾದ ಪೆಟ್ಟಿಗೆಯನ್ನು ತಿರುಗಿಸಿ ಓದಿ. ಮೆಗಾಪಿಕ್ಸೆಲ್ ಎಷ್ಟು, ಜೂಮ್ ಎಷ್ಟು ಪಟ್ಟು, ಪರದೆ ಎಷ್ಟು ಅಂಗುಲ ಎಂಬುದೆಲ್ಲ ದಪ್ಪಕ್ಷರದಲ್ಲಿರುತ್ತಿತ್ತು. ವಿಳಂಬ ಎಷ್ಟು ಎಂಬ ಒಂದು ಅಂಕಿಯನ್ನು ಮಾತ್ರ ಹುಡುಕಿದರೂ ಕಾಣುವುದು ಅಪರೂಪವಾಗಿತ್ತು. ಡಿಜಿಟಲ್ ಕ್ಯಾಮೆರಾದ ಮೇಲಿನ ನಮ್ಮ ಮುಖ್ಯ ಆಕ್ಷೇಪಣೆ ಇದೇ. ಯಂತ್ರದಲ್ಲಿ ವಿಳಂಬ ಇರುವುದು ದೋಷವಲ್ಲ, ಅದು ಭೌತಶಾಸ್ತ್ರ. ಅದನ್ನು ಬಳಕೆದಾರರಿಗೆ ಹೇಳದೆ ಬಿಡುವುದು ದೋಷ. ವಿಜ್ಞಾನದ ತರಗತಿಯಲ್ಲಿ ಕ್ಯಾಮೆರಾವನ್ನು ಅಳತೆಯ ಸಾಧನವಾಗಿ ಬಳಸುವ ನಮಗೆ ಈ ದೋಷ ಇನ್ನೂ ದುಬಾರಿ.

ಎರಡು ಬೇರೆ ಕಾಲಗಳು

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. "ನನ್ನ ಕ್ಯಾಮೆರಾದಲ್ಲಿ 1/1000 ಸೆಕೆಂಡು ಇದೆ, ಅದಕ್ಕೆಲ್ಲಿಯ ವಿಳಂಬ?" ಎಂದು ಕೇಳುವವರಿದ್ದಾರೆ. 1/1000 ಸೆಕೆಂಡು ಎನ್ನುವುದು ಸಂವೇದಕದ ಮೇಲೆ ಬೆಳಕು ಬೀಳುವ ಅವಧಿ. ಅದು ಚಿಕ್ಕದಾದಷ್ಟೂ ಓಡುವ ವಸ್ತು ಮಸುಕಾಗದೆ ಸ್ಫುಟವಾಗಿ ಮೂಡುತ್ತದೆ. ವಿಳಂಬ ಎನ್ನುವುದು ಆ ಅವಧಿ ಆರಂಭವಾಗುವ ಮುನ್ನ ಕಾಯಬೇಕಾದ ಕಾಲ. ಬಸ್ಸು ಎಷ್ಟು ವೇಗವಾಗಿ ಓಡುತ್ತದೆ ಎಂಬುದಕ್ಕೂ ನಿಲ್ದಾಣಕ್ಕೆ ಎಷ್ಟು ತಡವಾಗಿ ಬರುತ್ತದೆ ಎಂಬುದಕ್ಕೂ ಸಂಬಂಧವಿಲ್ಲ, ಅಲ್ಲವೇ? ಇದೂ ಹಾಗೆಯೇ. 1/1000 ಸೆಕೆಂಡಿನಲ್ಲಿ ತೆಗೆದ ಅತ್ಯಂತ ಸ್ಫುಟವಾದ ಚಿತ್ರ ಅರ್ಧ ಸೆಕೆಂಡು ತಡವಾದ ಚಿತ್ರವೂ ಆಗಿರಬಹುದು.

ಇನ್ನೊಂದು ಗೊಂದಲ ಅಂಗಡಿಗಳಲ್ಲಿ ಹುಟ್ಟುವಂಥದು. ತಡವಾಗುತ್ತಿದೆ ಎಂದರೆ "ಹೆಚ್ಚು ವೇಗದ ಮೆಮೊರಿ ಕಾರ್ಡ್ ಹಾಕಿ" ಎಂಬ ಸಲಹೆ ಸಿಗುತ್ತದೆ. ಕಾರ್ಡಿಗೆ ಬರೆಯುವ ಕೆಲಸ ನಡೆಯುವುದು ಚಿತ್ರ ತೆಗೆದಾದ ಮೇಲೆ. ವೇಗದ ಕಾರ್ಡಿನಿಂದ ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವಿನ ಅಂತರ ಕಡಿಮೆಯಾದೀತು. ಮೊದಲ ಚಿತ್ರದ ವಿಳಂಬ ಕೂದಲೆಳೆಯಷ್ಟೂ ಕಡಿಮೆಯಾಗದು.

ಗುಂಡಿ ಒತ್ತಿದ ಮೇಲೆ ಏನೇನು ನಡೆಯುತ್ತದೆ?

ಫಿಲ್ಮ್ ಕ್ಯಾಮೆರಾಗಳಲ್ಲೂ ವಿಳಂಬವಿತ್ತು ಎಂಬುದನ್ನು ಮರೆಯಬಾರದು. ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಕನ್ನಡಿ ಮೇಲೆದ್ದ ನಂತರವೇ ಷಟರ್ ತೆರೆಯಬೇಕು. 1989ರಲ್ಲಿ ಬಂದ ಕ್ಯಾನನ್ ಇಒಎಸ್ ಆರ್‌ಟಿ ಎಂಬ ಮಾದರಿಯಲ್ಲಿ ಕನ್ನಡಿಯನ್ನು ಏಳದಂತೆ ಅರೆಪಾರದರ್ಶಕವಾಗಿ ಮಾಡಿ, ವಿಳಂಬವನ್ನು 0.008 ಸೆಕೆಂಡಿಗೆ ಇಳಿಸಿದ್ದರು. ಅರಸೀಕೆರೆಯ ನಮ್ಮ ಗಾಡಿ ಅಷ್ಟರಲ್ಲಿ ಚಲಿಸುವುದು ಕೇವಲ 16 ಸೆಂ.ಮೀ. ಅಂದರೆ ವಿಳಂಬ ಕಡಿಮೆ ಮಾಡುವ ವಿದ್ಯೆ ಆಗಲೇ ತಿಳಿದಿತ್ತು.

ಪುಟ್ಟ ಡಿಜಿಟಲ್ ಕ್ಯಾಮೆರಾದ ಕಥೆ ಬೇರೆ. ಅದರ ಸಂವೇದಕ ಪರದೆಯ ಮೇಲೆ ನಿಮಗೆ ದೃಶ್ಯ ತೋರಿಸುತ್ತಾ ಸದಾ ಕೆಲಸದಲ್ಲಿರುತ್ತದೆ. ಗುಂಡಿಯನ್ನು ಒಂದೇ ಸಲಕ್ಕೆ ಪೂರ್ತಿ ಒತ್ತಿದಾಗ ಅದು ಈ ಕೆಲಸಗಳನ್ನು ಮುಗಿಸಬೇಕು: ದೃಶ್ಯದ ಬೆಳಕನ್ನು ಅಳೆಯುವುದು ಮತ್ತು ಬಣ್ಣದ ಸಮತೋಲ ಹೊಂದಿಸುವುದು; ಮಸೂರವನ್ನು ಸರಿಸಿ ಫೋಕಸ್ ಮಾಡುವುದು; ಸಂವೇದಕದಲ್ಲಿ ಆವರೆಗೆ ಸಂಗ್ರಹವಾದ ವಿದ್ಯುದಾವೇಶವನ್ನು ಖಾಲಿ ಮಾಡುವುದು; ಬಳಿಕ ಹೊಸದಾಗಿ ಬೆಳಕಿಗೆ ಒಡ್ಡುವುದು. ಫ್ಲಾಷ್‌ನಲ್ಲಿ ಕೆಂಗಣ್ಣು ನಿವಾರಣೆ ಚಾಲೂ ಇದ್ದರೆ ಮೊದಲೊಂದು ಬೆಳಕು ಬೀರಿ, ಎದುರಿನವರ ಕಣ್ಣಿನ ಪಾಪೆ ಕಿರಿದಾಗಲು ಕಾಯುವ ಸುಮಾರು ಒಂದು ಸೆಕೆಂಡು ಬೇರೆ.

ಇವುಗಳಲ್ಲಿ ಅತಿ ಹೆಚ್ಚು ಕಾಲ ನುಂಗುವುದು ಫೋಕಸ್. ಹಳೆಯ ರೇಡಿಯೋದ ತಿರುಗುಗುಂಡಿ ನೆನಪಿದೆಯೇ? ನಿಲ್ದಾಣ ಸ್ಪಷ್ಟವಾಗಿ ಕೇಳಿಸುವ ಜಾಗ ಯಾವುದೆಂದು ತಿಳಿಯುವುದು ಅದನ್ನು ದಾಟಿ ಮುಂದೆ ಹೋದ ಮೇಲೆ. ಆಮೇಲೆ ಹಿಂದಕ್ಕೆ ತಿರುಗಿಸುತ್ತೇವೆ. ಪುಟ್ಟ ಕ್ಯಾಮೆರಾ ಮಾಡುವುದೂ ಇದನ್ನೇ. ಮಸೂರವನ್ನು ಒಂದೊಂದೇ ಹೆಜ್ಜೆ ಸರಿಸಿ, ಪ್ರತಿ ಹೆಜ್ಜೆಗೂ ಒಂದು ಬಿಂಬ ಓದಿ, ಕಪ್ಪು ಬಿಳುಪಿನ ಅಂತರ ಎಲ್ಲಿ ಅತ್ಯಧಿಕವೋ ಅಲ್ಲಿಗೆ ಮರಳುತ್ತದೆ. ಸೆಕೆಂಡಿಗೆ 30 ಬಿಂಬ ಓದುವ ಸಂವೇದಕಕ್ಕೆ 12 ಹೆಜ್ಜೆ ಬೇಕಾದರೆ 12/30, ಅಂದರೆ 0.4 ಸೆಕೆಂಡು ಅಲ್ಲೇ ಹೋಯಿತು. ಎಸ್‌ಎಲ್‌ಆರ್ ಮಾದರಿಗಳಲ್ಲಿ ಇನ್ನೊಂದು ಕ್ರಮವಿದೆ. ಮಸೂರದ ಎರಡು ಅಂಚುಗಳಿಂದ ಬರುವ ಬಿಂಬಗಳನ್ನು, ನಮ್ಮ ಎರಡು ಕಣ್ಣುಗಳಂತೆ, ಹೋಲಿಸಿ ನೋಡಿ ಯಾವ ದಿಕ್ಕಿಗೆ ಎಷ್ಟು ಸರಿಯಬೇಕೆಂದು ಒಂದೇ ಅಳತೆಯಲ್ಲಿ ತಿಳಿಯುವುದು. ಆದ್ದರಿಂದಲೇ ಅವು ಚುರುಕು.

ಹಳೇಬೀಡಿನಲ್ಲಿ ಜಾಣ, ಬೇಲೂರಿನಲ್ಲಿ ಮಂಕು

ಅರಸೀಕೆರೆಯಿಂದ ಜಾವಗಲ್ ಮಾರ್ಗವಾಗಿ ಹಳೇಬೀಡಿಗೆ ಹೊರಡೋಣ. ಜಾವಗಲ್ ಎಂದೊಡನೆ ವೇಗದ ಬೌಲರ್ ಶ್ರೀನಾಥ್ ನೆನಪಾಗುತ್ತಾರೆ. ಗಂಟೆಗೆ 140 ಕಿ.ಮೀ. ವೇಗದ ಚೆಂಡು ಬೌಲರನ ಕೈಯಿಂದ ಬ್ಯಾಟಿನವರೆಗೆ ಬರಲು ಹಿಡಿಯುವ ಕಾಲ ಅರ್ಧ ಸೆಕೆಂಡಿನ ಆಸುಪಾಸು. ಅರ್ಧ ಸೆಕೆಂಡು ವಿಳಂಬದ ಕ್ಯಾಮೆರಾದಲ್ಲಿ ಚೆಂಡು ಕೈಬಿಡುವ ಕ್ಷಣಕ್ಕೆ ಗುಂಡಿ ಒತ್ತಿದರೆ ನಿಮಗೆ ಸಿಗುವುದು ಬ್ಯಾಟು ಬೀಸಿದ ಚಿತ್ರ!

"ದೇವಾಲಯದ ಕಲ್ಲು ಓಡುವುದಿಲ್ಲವಲ್ಲ, ಅಲ್ಲಿ ವಿಳಂಬದಿಂದ ಏನು ನಷ್ಟ?" ಎಂದು ನೀವು ಕೇಳಬಹುದು. ಕಲ್ಲು ಓಡುವುದಿಲ್ಲ, ನಿಜ. ಅದಕ್ಕೇ ಅದು ಒಳ್ಳೆಯ ಪರೀಕ್ಷಾ ವಸ್ತು. ವಸ್ತು ಸ್ಥಿರವಾಗಿರುವಾಗ ವಿಳಂಬ ಬದಲಾದರೆ, ಕಾರಣ ಬೆಳಕಿನಲ್ಲೋ ಮೇಲ್ಮೈಯಲ್ಲೋ ಇರಬೇಕು.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಮುಂದೆ ಬೆಳಗಿನ ಬಿಸಿಲಿನಲ್ಲಿ ನಿಲ್ಲಿ. ಆನೆಗಳ ಸಾಲು, ಅದರ ಮೇಲೆ ಸಿಂಹಗಳ ಸಾಲು, ಬಳ್ಳಿ, ಕುದುರೆ, ಪುರಾಣದ ಕಥೆಗಳು. ಎಲ್ಲೆಲ್ಲೂ ಆಳವಾದ ಕೆತ್ತನೆ, ಪ್ರತಿ ಕೆತ್ತನೆಗೂ ಒಂದು ನೆರಳು. ಕಪ್ಪು ಬಿಳುಪಿನ ಅಂತರ ಹುಡುಕುವ ಫೋಕಸ್ ವ್ಯವಸ್ಥೆಗೆ ಇದಕ್ಕಿಂತ ಒಳ್ಳೆಯ ಗುರಿ ಸಿಗದು. ಕ್ಯಾಮೆರಾ ಇಲ್ಲಿ ತನ್ನ ಅತ್ಯುತ್ತಮ ಸಾಮರ್ಥ್ಯ ತೋರಿಸುತ್ತದೆ.

ಅಲ್ಲಿಂದ 16 ಕಿ.ಮೀ. ದೂರದ ಬೇಲೂರಿಗೆ ಬಂದು, 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಚೆನ್ನಕೇಶವ ದೇವಾಲಯದ ನವರಂಗದೊಳಗೆ ಕಾಲಿಡಿ. ಮೊದಲು ತೆರೆದಿದ್ದ ಈ ಮಂಟಪಕ್ಕೆ ಜಾಲಂಧ್ರಗಳು ಸೇರಿದ್ದು ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ. ಈಗ ಒಳಗೆ ಮಬ್ಬು. ಮಾರ್ಗದರ್ಶಕರು ದೀಪದ ಬೆಳಕನ್ನು ಭುವನೇಶ್ವರಿಯ ಮೇಲೆ, ಕಂಬದ ಮೇಲಿನ ಮದನಿಕೆಯ ಮೇಲೆ ಒಂದೆರಡು ಸೆಕೆಂಡು ಹಾಯಿಸಿ ಮುಂದೆ ಸಾಗುತ್ತಾರೆ. ಬೆಳಕು ಬಿತ್ತೆಂದು ಗುಂಡಿ ಒತ್ತುತ್ತೀರಿ. ಕ್ಯಾಮೆರಾ ಗುರ್‌ಗುಟ್ಟುತ್ತಾ ಮಸೂರವನ್ನು ಹಿಂದೆ ಮುಂದೆ ಆಡಿಸುತ್ತದೆ. ಅದು ಒಪ್ಪುವಷ್ಟರಲ್ಲಿ ಬೆಳಕು ಬೇರೆ ಕಂಬದ ಮೇಲಿದೆ.

ಇಲ್ಲಿ ಮೂರು ಕಾರಣಗಳು ಒಟ್ಟಾಗಿವೆ. ಒಂದು, ಮಬ್ಬಿನಲ್ಲಿ ಪ್ರತಿ ಬಿಂಬಕ್ಕೂ ಹೆಚ್ಚು ಹೊತ್ತು ಬೆಳಕು ಸಂಗ್ರಹಿಸಬೇಕು. ಸೆಕೆಂಡಿಗೆ 30ರ ಬದಲು 15 ಬಿಂಬ ಓದಿದರೆ ಅದೇ 12 ಹೆಜ್ಜೆಗೆ 0.8 ಸೆಕೆಂಡು ಬೇಕು. ಎರಡು, ತಿರುಗಣೆಯಲ್ಲಿ ಕಡೆದಂತೆ ನುಣುಪಾದ ಬಳಪದ ಕಲ್ಲಿನ ಕಂಬದಲ್ಲಿ ಹಿಡಿದುಕೊಳ್ಳಲು ವಿವರವೇ ಕಡಿಮೆ. ಮೂರು, ಆ ಕಂಬದ ಮೇಲೆ ಇರುವ ಬಳೆಗಳೆಲ್ಲ ಅಡ್ಡ ಗೆರೆಗಳು. ಕೆಲವು ಕ್ಯಾಮೆರಾಗಳು ಪಿಕ್ಸೆಲ್‌ಗಳ ಅಡ್ಡ ಸಾಲಿನುದ್ದಕ್ಕೂ ಮಾತ್ರ ಅಂತರ ನೋಡುತ್ತವೆ. ಅಡ್ಡ ಗೆರೆಯುದ್ದಕ್ಕೂ ಸಾಗಿದರೆ ಕಾಣುವ ಅಂತರ ಸೊನ್ನೆ. ಕ್ಯಾಮೆರಾವನ್ನು ಲಂಬವಾಗಿ ತಿರುಗಿಸಿ ಹಿಡಿಯಿರಿ. ಅದೇ ಕಂಬಕ್ಕೆ ಫೋಕಸ್ ಕೂಡಲೇ ಸಿಕ್ಕರೆ ಮೂರನೆಯ ಕಾರಣ ನಿಮ್ಮ ಕಣ್ಣೆದುರೇ ಸಾಬೀತಾಯಿತು.

ತಯಾರಕರ ವಾದ, ನಮ್ಮ ಉತ್ತರ

ಹಳೇಬೀಡಿನಲ್ಲಿ ಒಂದು, ಬೇಲೂರಿನಲ್ಲಿ ಇನ್ನೊಂದು ಎಂದಾದರೆ ಪೆಟ್ಟಿಗೆಯ ಮೇಲೆ ಯಾವ ಅಂಕಿ ಮುದ್ರಿಸುವುದು? ತಯಾರಕರ ಪರವಾಗಿ ಹೇಳಬಹುದಾದ ಮಾತು ಇದು. ಮಾತಿನಲ್ಲಿ ಸತ್ಯವಿದೆ, ಆದರೆ ಅದು ಸಮರ್ಥನೆಯಾಗದು. ಮೋಟಾರ್ ಸೈಕಲ್ಲಿನ ಮೈಲೇಜು ಶಿರಾಡಿ ಘಾಟಿಯಲ್ಲಿ ಒಂದು, ಬಯಲುಸೀಮೆಯಲ್ಲಿ ಒಂದು. ಆದರೂ ನಿಗದಿತ ಪರಿಸ್ಥಿತಿಯಲ್ಲಿ ಅಳೆದು ಒಂದು ಅಂಕಿ ಕೊಡುತ್ತಾರೆ. ಅದರಿಂದ ಎರಡು ವಾಹನಗಳನ್ನು ಹೋಲಿಸಲು ಸಾಧ್ಯವಾಗುತ್ತದೆ.

ಕ್ಯಾಮೆರಾ ಉದ್ಯಮಕ್ಕೆ ಇಂಥ ಕೆಲಸ ಬಾರದ್ದೇನಲ್ಲ. ಜಪಾನಿನ ಕ್ಯಾಮೆರಾ ತಯಾರಕರ ಸಂಘವಾದ ಸೀಪಾ, ಒಂದು ಬ್ಯಾಟರಿಯಿಂದ ಎಷ್ಟು ಚಿತ್ರ ತೆಗೆಯಬಹುದೆಂದು ಅಳೆಯುವ ಮಾನಕವನ್ನು 2003ರಲ್ಲೇ ರೂಪಿಸಿತು. ಬ್ಯಾಟರಿಯ ಬಾಳಿಕೆಯೂ ಬಳಕೆಗೆ ತಕ್ಕಂತೆ ಬದಲಾಗುವಂಥದೇ ಅಲ್ಲವೇ? ವಿಳಂಬ ಅಳೆಯುವ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 15781 ಪ್ರಕಟವಾದದ್ದು 2013ರಲ್ಲಿ. ಜಗತ್ತಿನಲ್ಲಿ ಡಿಜಿಟಲ್ ಕ್ಯಾಮೆರಾಗಳ ರವಾನೆ 12 ಕೋಟಿ ದಾಟಿ ಉತ್ತುಂಗ ಮುಟ್ಟಿದ್ದು 2010ರಲ್ಲಿ. ಆಮೇಲೆ ಇಳಿಮುಖ. ಅಂದರೆ ಸಂತೆ ಕಲೆಯತೊಡಗಿದ ಮೇಲೆ ತಕ್ಕಡಿ ಬಂತು.

ಆ ವರ್ಷಗಳಲ್ಲಿ ಕೊಳ್ಳುವವರ ಕಣ್ಣು ಮೆಗಾಪಿಕ್ಸೆಲ್ ಮೇಲೆ ನೆಟ್ಟಿತ್ತು. 4 ಅಂಗುಲಕ್ಕೆ 6 ಅಂಗುಲದ ಮುದ್ರಿತ ಚಿತ್ರಕ್ಕೆ, ಅಂಗುಲಕ್ಕೆ 300 ಬಿಂದುಗಳಂತೆ, 1200 × 1800 ಅಂದರೆ 21.6 ಲಕ್ಷ ಪಿಕ್ಸೆಲ್ ಸಾಕು. ಮಿಕ್ಕ ಮೆಗಾಪಿಕ್ಸೆಲ್‌ಗಳಿಗೆ ಹಣ ಕೊಟ್ಟವರಿಗೆ ಮಗು ನಕ್ಕ ಕ್ಷಣದ ಬದಲು ಮುಖ ತಿರುಗಿಸಿದ ಕ್ಷಣ ಸಿಕ್ಕಿತು. ತಪ್ಪಿದ ಕ್ಷಣ ಎಷ್ಟೇ ಮೆಗಾಪಿಕ್ಸೆಲ್‌ನಲ್ಲಿ ಮೂಡಿದರೂ ತಪ್ಪಿದ್ದೇ.

ತರಗತಿಯಲ್ಲಿ ಅಳೆದು ನೋಡಿ

ಪೆಟ್ಟಿಗೆ ಹೇಳದಿದ್ದರೇನು, ನಾವೇ ಅಳೆಯಬಹುದು. ಬೇಕಾದದ್ದು: ಒಂದು ಭಾರವಾದ ನಟ್ಟು, ಹೊಲಿಗೆಯ ದಾರ, ನುಣುಪಾದ ಒಂದು ಮೊಳೆ, ಸೆಂ.ಮೀ. ಗುರುತು ಹಾಕಿದ ಒಂದೂವರೆ ಮೀಟರ್ ಕಾಗದದ ಪಟ್ಟಿ.

ಬಿಸಿಲು ಬೀಳುವ ಗೋಡೆಗೆ ಪಟ್ಟಿಯನ್ನು ಲಂಬವಾಗಿ ಅಂಟಿಸಿ, ಅದರ ಮೇಲ್ತುದಿಯಲ್ಲಿ ಮೊಳೆ ಹೊಡೆಯಿರಿ. ನಟ್ಟನ್ನು ದಾರಕ್ಕೆ ಕಟ್ಟಿ, ದಾರವನ್ನು ಮೊಳೆಯ ಮೇಲಿಂದ ಹಾಯಿಸಿ, ಇನ್ನೊಂದು ತುದಿಯನ್ನು ಎಡಗೈಯಲ್ಲಿ ಹಿಡಿಯಿರಿ. ನಟ್ಟು ಪಟ್ಟಿಯ ಸೊನ್ನೆಯ ಎದುರಿಗಿರಲಿ. ಎರಡು ಮೂರು ಮೀಟರ್ ದೂರದಲ್ಲಿ, ಪಟ್ಟಿಯ ನಡುಮಟ್ಟದ ಎತ್ತರಕ್ಕೆ ಬೆಂಚಿನ ಮೇಲೆ ಪುಸ್ತಕಗಳನ್ನು ಪೇರಿಸಿ ಕ್ಯಾಮೆರಾ ಇಡಿ. ಎಡಗೈ ದಾರ ಬಿಡುವುದೂ ಬಲಗೈ ಗುಂಡಿ ಒತ್ತುವುದೂ ಒಂದೇ ಬಾರಿಗೆ ಆಗಲಿ. ಎರಡನ್ನೂ ಒಬ್ಬರೇ ಮಾಡಬೇಕು. ಒಬ್ಬರು ಬಿಟ್ಟು ಇನ್ನೊಬ್ಬರು ನೋಡಿ ಒತ್ತಿದರೆ ಮನುಷ್ಯನ ಪ್ರತಿಕ್ರಿಯೆಯ ಕಾಲ, ಸುಮಾರು 0.2 ಸೆಕೆಂಡು, ಲೆಕ್ಕಕ್ಕೆ ಸೇರಿಬಿಡುತ್ತದೆ.

ಚಿತ್ರದಲ್ಲಿ ನಟ್ಟು ಎಷ್ಟು ಕೆಳಗೆ ಬಿದ್ದಿದೆ ಓದಿ. ಆ ದೂರವನ್ನು ಮೀಟರಿನಲ್ಲಿ ಬರೆದು 4.9ರಿಂದ ಭಾಗಿಸಿ ವರ್ಗಮೂಲ ತೆಗೆದರೆ ವಿಳಂಬ ಸೆಕೆಂಡುಗಳಲ್ಲಿ ಸಿಗುತ್ತದೆ. 5 ಸೆಂ.ಮೀ. ಬಿದ್ದಿದ್ದರೆ 0.1 ಸೆಕೆಂಡು, 20 ಸೆಂ.ಮೀ.ಗೆ 0.2, 44ಕ್ಕೆ 0.3, 78ಕ್ಕೆ 0.4, 122ಕ್ಕೆ 0.5. ನಟ್ಟು ಪಟ್ಟಿಯಲ್ಲೇ ಕಾಣದಿದ್ದರೆ ವಿಳಂಬ ಅರ್ಧ ಸೆಕೆಂಡಿಗಿಂತ ಹೆಚ್ಚು. ಹತ್ತು ಸಲ ಮಾಡಿ ಸರಾಸರಿ ತೆಗೆಯಿರಿ. ಸರಾಸರಿ ತೆಗೆಯಬೇಕಾದದ್ದು ಕಾಲಗಳದ್ದು, ದೂರಗಳದ್ದಲ್ಲ. ಏಕೆಂದು ವಿದ್ಯಾರ್ಥಿಗಳನ್ನೇ ಕೇಳಿ.

ಈಗ ಪರೀಕ್ಷೆಯನ್ನು ಸ್ವಲ್ಪ ಬದಲಿಸಿ. ಗುಂಡಿಯನ್ನು ಮೊದಲು ಅರ್ಧ ಒತ್ತಿ, ಫೋಕಸ್ ಆದ ಸೂಚನೆ ಬಂದ ಮೇಲೆ ಅಲ್ಲೇ ಹಿಡಿದಿರಿ. ಬಳಿಕ ದಾರ ಬಿಡುತ್ತಾ ಪೂರ್ತಿ ಒತ್ತಿ. ಪುಟ್ಟ ಕ್ಯಾಮೆರಾಗಳಲ್ಲೂ ವಿಳಂಬ 0.1 ಸೆಕೆಂಡಿನ ಆಸುಪಾಸಿಗೆ ಇಳಿಯುವುದನ್ನು ಕಾಣುವಿರಿ. ಎರಡು ಅಳತೆಗಳ ವ್ಯತ್ಯಾಸವೇ ಫೋಕಸ್ ಮತ್ತು ಬೆಳಕಿನ ಅಳತೆ ನುಂಗಿದ ಕಾಲ. ಅರಸೀಕೆರೆಯಲ್ಲೂ ಮಾಡಬೇಕಾದದ್ದು ಇಷ್ಟೇ: ಹಳಿಯಷ್ಟೇ ದೂರದ ಕಂಬಕ್ಕೆ ಗುರಿಯಿಟ್ಟು ಅರ್ಧ ಒತ್ತಿ ಕಾಯುವುದು.

ಮೊಬೈಲ್ ಬಂದ ಮೇಲೆ

"ಇದೆಲ್ಲ ಹಳೆಯ ಕಥೆ, ನನ್ನ ಮೊಬೈಲಿನಲ್ಲಿ ವಿಳಂಬವೇ ಇಲ್ಲ" ಎಂದು ವಿದ್ಯಾರ್ಥಿಯೊಬ್ಬ ಹೇಳಿದರೆ ಅವನಿಗೂ ಅದೇ ನಟ್ಟು, ದಾರ ಕೊಡಿ. ಕೆಲವು ಮೊಬೈಲುಗಳಲ್ಲಿ ನಟ್ಟು ಇನ್ನೂ ಸೊನ್ನೆಯಲ್ಲೇ ನೇತಾಡುತ್ತಿರುವ ಚಿತ್ರ ಸಿಗಬಹುದು. ದಾರ ಬಿಟ್ಟದ್ದಂತೂ ನಿಜ. ಹಾಗಾದರೆ?

ಕ್ಯಾಮೆರಾ ಕಿಂಡಿ ತೆರೆದ ಕ್ಷಣದಿಂದ ಮೊಬೈಲು ಬಿಂಬಗಳನ್ನು ಒಂದರ ಹಿಂದೊಂದು ತೆಗೆಯುತ್ತಾ, ಇತ್ತೀಚಿನ ಕೆಲವನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡು, ಹಳೆಯವನ್ನು ಅಳಿಸುತ್ತಾ ಇರುತ್ತದೆ. ನೀವು ಒತ್ತಿದಾಗ ಹೊಸ ಚಿತ್ರ ತೆಗೆಯುವುದಿಲ್ಲ. ಆಗಲೇ ಇರುವುದರಲ್ಲಿ ಒಂದನ್ನು ಆರಿಸುತ್ತದೆ. 2011ರ ಆಂಡ್ರಾಯ್ಡ್ 4.0 ಬಿಡುಗಡೆಯ ಹೊತ್ತಿಗೆ ಶೂನ್ಯ ಷಟರ್ ವಿಳಂಬ ಎಂದು ಪ್ರಚಾರ ಪಡೆದದ್ದು ಇಂಥ ಸೌಲಭ್ಯ. 2018ರ ಪಿಕ್ಸೆಲ್ 3 ಮಾದರಿ ಇನ್ನೂ ಮುಂದೆ ಹೋಗಿ, ಒತ್ತಿದ ಕ್ಷಣದ ಹಿಂದಿನ ಮುಂದಿನ ಬಿಂಬಗಳಲ್ಲಿ ಕಣ್ಣು ತೆರೆದಿರುವ, ನಗು ಇರುವ ಬಿಂಬವನ್ನು ತಾನೇ ಸೂಚಿಸಿತು.

ಇದು ಜಾಣ ಪರಿಹಾರ, ಒಪ್ಪೋಣ. ಆದರೆ ಮಬ್ಬಿನಲ್ಲಿ, ಫ್ಲಾಷ್ ಬಳಸುವಾಗ, ರಾತ್ರಿ ಚಿತ್ರಣದಲ್ಲಿ ಈ ಉಪಾಯ ನಡೆಯದು. ಒತ್ತಿದ ಮೇಲೆಯೇ ಬೆಳಕು ಸಂಗ್ರಹಿಸಬೇಕು. ಬೇಲೂರಿನ ನವರಂಗದಲ್ಲಿ ಮೊಬೈಲೂ ಕಾಯಿಸುತ್ತದೆ. ಹಲವು ಮೊಬೈಲುಗಳು ಬೆರಳು ತಾಗಿದಾಗಲ್ಲ, ಎತ್ತಿದಾಗ ಆಜ್ಞೆ ಸ್ವೀಕರಿಸುತ್ತವೆ. ಹಲವು ಬಿಂಬಗಳನ್ನು ಬೆರೆಸಿ ಒಂದು ಚಿತ್ರ ಮಾಡುವಾಗಲಂತೂ ಆ ಚಿತ್ರಕ್ಕೆ ಒಂದೇ ಕ್ಷಣ ಎಂಬುದೇ ಇರುವುದಿಲ್ಲ. ಹಳೆಯ ಕ್ಯಾಮೆರಾ ತಡ ಮಾಡುತ್ತಿತ್ತು, ಮೊಬೈಲು ಆರಿಸುತ್ತದೆ. ಎಷ್ಟು ಹಿಂದಿನದನ್ನು ಆರಿಸಿತು ಎಂಬ ಅಂಕಿಯನ್ನು ಅದರ ಪೆಟ್ಟಿಗೆಯಲ್ಲೂ ನೀವು ಕಾಣಲಾರಿರಿ. ಆಕ್ಷೇಪಣೆ ಹಳೆಯದೇ, ಇನ್ನೂ ತೀರಿಲ್ಲ.

ಗೆದ್ದವರು ಯಾರು?

ಕೊನೆಗೆ ನಿಮ್ಮ ಶಾಲೆಯ ಮೈದಾನಕ್ಕೆ ಬನ್ನಿ. ನೂರು ಮೀಟರ್ ಓಟ. ಇಬ್ಬರು ಹುಡುಗಿಯರು ಹೆಚ್ಚುಕಡಿಮೆ ಒಟ್ಟಿಗೇ ಗೆರೆ ಮುಟ್ಟುತ್ತಾರೆ. ಮೇಷ್ಟರೊಬ್ಬರು ಅದೇ ಕ್ಷಣಕ್ಕೆ ತೆಗೆದ ಚಿತ್ರ ಇದೆ. ಅದನ್ನು ನೋಡಿ ತೀರ್ಪು ಕೊಡಬಹುದೇ? ಓಟಗಾರ್ತಿಯ ವೇಗ ಸೆಕೆಂಡಿಗೆ 7 ಮೀಟರ್ ಎಂದಿಟ್ಟುಕೊಂಡರೆ 0.4 ಸೆಕೆಂಡಿನಲ್ಲಿ ಆಕೆ 2.8 ಮೀಟರ್ ಓಡಿರುತ್ತಾಳೆ. ಚಿತ್ರದಲ್ಲಿರುವುದು ಗೆರೆ ದಾಟಿದ ಬಳಿಕದ ಸ್ಥಿತಿ. ಗೆದ್ದೆನೆಂದು ವೇಗ ತಗ್ಗಿಸಿದವಳು ಅದರಲ್ಲಿ ಹಿಂದೆ ಕಾಣಬಹುದು. ಮೊಬೈಲಾದರೆ ಗೆರೆ ಮುಟ್ಟುವ ಮುಂಚಿನ ಬಿಂಬ ಬಂದಿರಬಹುದು. ಎರಡೂ ಸುಂದರ, ಸ್ಫುಟ ಚಿತ್ರಗಳೇ. ಸಾಕ್ಷಿಯಾಗಿ ಎರಡೂ ನಿಲ್ಲುವುದಿಲ್ಲ. ಪದಕ ಕಳೆದುಕೊಂಡ ಹುಡುಗಿಗೆ ಇದನ್ನು ಯಾರು ವಿವರಿಸುತ್ತಾರೆ?

ಇಂಥಲ್ಲಿ ವಿಡಿಯೊ ಬಳಸಿ. ಕ್ಯಾಮೆರಾ ಅಲುಗಾಡದಂತೆ ಗೆರೆಯ ನೇರಕ್ಕೆ ನಿಲ್ಲಿಸಿ, ಓಟ ಮುಗಿಯುವ ಮೊದಲೇ ಚಾಲೂ ಮಾಡಿ. ಸೆಕೆಂಡಿಗೆ 30 ಬಿಂಬಗಳಾದರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ ಓಟಗಾರ್ತಿ 23 ಸೆಂ.ಮೀ. ಸಾಗುತ್ತಾಳೆ. 240 ಬಿಂಬ ತೆಗೆಯುವ ನಿಧಾನಚಲನೆಯ ಸೌಲಭ್ಯವಿದ್ದರೆ 3 ಸೆಂ.ಮೀ. ಇಲ್ಲಿ ತಪ್ಪು ಎಷ್ಟಿರಬಹುದೆಂದು ನಿಮಗೆ ಮೊದಲೇ ಗೊತ್ತು. ಇಬ್ಬರ ಅಂತರ ಅದಕ್ಕಿಂತ ಕಡಿಮೆಯಿದ್ದರೆ ಇಬ್ಬರಿಗೂ ಬಹುಮಾನ ಕೊಡಿ.

ಪ್ರಯೋಗಶಾಲೆಯಲ್ಲೂ ಇದೇ ನಿಯಮ. ಚಿತ್ರದಿಂದ ಯಾವುದೇ ಚಲನೆಯನ್ನು ಅಳೆಯುವ ಮುನ್ನ, ತಕ್ಕಡಿಯ ಶೂನ್ಯದೋಷ ನೋಡುವ ಹಾಗೆ, ಕ್ಯಾಮೆರಾದ ವಿಳಂಬವನ್ನು ಅಳೆದು ವರದಿಯ ಮೊದಲ ಸಾಲಿನಲ್ಲಿ ಬರೆಯುವ ಅಭ್ಯಾಸ ಮಾಡಿಸಿ. ಒಂದು ನಟ್ಟು, ಒಂದು ಗೇಣು ಗೋಡೆಯ ನೆರಳಲ್ಲದ ಜಾಗ ಮತ್ತು ಅರ್ಧ ಗಂಟೆ ಇದ್ದರೆ ಈ ಕೆಲಸ ಮುಗಿಯುತ್ತದೆ.